ನೀಲಿ ಬಕೆಟ್ಟಿನ ಬೆಡ್‌ಶೀಟುಗಳು

ಜೂನ್ 18

ಪ್ರೀತಿಯ ಮಗಳಿಗೆ,

ಈ ಮೂಲಕ ಸಮಸ್ತ ಲೋಕಕ್ಕೂ, ಲೋಕಕ್ಕೆ ಪುರುಸೊತ್ತಿಲ್ಲದಿದ್ದರೆ ಕನಿಷ್ಠಪಕ್ಷ ನಮ್ಮ ಬೀದಿಗೂ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ನಮ್ಮ ಲಾಂಡ್ರಿಯ ಸಕಲ ಸಿಬ್ಬಂದಿಯ, ಅಂದರೆ ನನ್ನ ಮತ್ತು ನಿನ್ನಮ್ಮನ, ಸಮ್ಮುಖದಲ್ಲಿ ಹಿಡಿ ಮುರಿದ ನೀಲಿ ಬಕೆಟ್ಟನ್ನು ನಿನ್ನ ಬೆಡ್‌ಶೀಟುಗಳಿಗೆಂದೇ ಶಾಶ್ವತವಾಗಿ ಮೀಸಲಿಡಲಾಗಿದೆ. ಇನ್ನು ಮುಂದೆ ಎಂಥ ದೊಡ್ಡ ಮನುಷ್ಯನ ಪ್ಯಾಂಟೂ ಅದರೊಳಗೆ ಇಳಿಯುವಂತಿಲ್ಲ. ಘೋಷಣೆ ಮುಗಿಯುವ ಮೊದಲೇ ನಿನ್ನಮ್ಮ ನೆಲ ಒರೆಸುವ ಬಟ್ಟೆ ನೆನೆಹಾಕಲು ಅದೇ ಬಕೆಟ್ಟಿಗೆ ಕೈಹಾಕಿದಳು. ತಡೆದೆ. "ಬಕೆಟ್ಟಿಗೂ ಪಟ್ಟಾಭಿಷೇಕ ಮಾಡ್ತಾ ಕೂತ್ಕೊಳ್ಳಿ, ಹೊರಗೆ ಗಿರಾಕಿ ಕಾಯ್ತಿದಾರೆ" ಎಂದು ಬೈದು ಹೋದಳು.

ನಿನ್ನತ್ತೆ ಫೋನು ನಿಷೇಧಿಸಿರುವುದರಿಂದ ಈ ಕಾಗದ. ಆಕೆ ನನ್ನ ಸ್ವಂತ ಅಕ್ಕನಾದರೂ ಹೇಳುತ್ತೇನೆ, ಆಕೆಯ ಮಾತಿನಲ್ಲಿ ನ್ಯಾಯವಿದೆ. ನಮ್ಮ ಫೋನಿನ ಮಾತುಕತೆ ಎಂದಾದರೂ ನೆಟ್ಟಗೆ ಮುಗಿದದ್ದುಂಟೇ? ನಾನು "ಕೆರ್ಕೊಂಡ್ಯಾ" ಅನ್ನುತ್ತೇನೆ. ನೀನು "ಇಲ್ಲ" ಅನ್ನುತ್ತೀಯ. ನಾನು "ಪರಪರ ಅನ್ನೋದು ಇಲ್ಲಿಗೇ ಕೇಳಿಸ್ತಿದೆ" ಅನ್ನುತ್ತೇನೆ. ನೀನು ಫೋನು ಕುಕ್ಕುತ್ತೀಯ. ಆಮೇಲೆ ನಾನು ಅಕ್ಕನಿಗೆ ಮಾಡುತ್ತೇನೆ, ಅವಳೂ ಕುಕ್ಕುತ್ತಾಳೆ.

ಇಲ್ಲಿನ ಸೋಪಿನ ಪುಡಿ, ಬ್ಲೀಚು, ಹಬೆ ನಿನ್ನ ಇಸುಬಿಗೆ ಆಗದು ಅಂತಲೇ ನಿನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟಿರುವುದು. ಹಾಗಂತ ನಿನ್ನ ಬೆಡ್‌ಶೀಟನ್ನು ಕಂಡಕಂಡವರು ಒಗೆಯಲು ಬಿಡುವವನು ನಾನಲ್ಲ. ಅತ್ತೆ ಕೆಲಸ ಮಾಡುವ ಬಸ್ ಡಿಪೋದಿಂದ ಇಲ್ಲಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಗಂಟು ಕಳಿಸಿಬಿಡು. ವಾಸನೆಯಿಲ್ಲದ ಸೋಪು, ನಾಲ್ಕು ಸಲ ಜಾಲಿಸುವುದು, ಬಿಸಿಲಿಗೆ ಹಾಕುವುದು ನನ್ನ ಪಾಲು. ಇಸ್ತ್ರಿ ನಿನ್ನಮ್ಮನ ಪಾಲು. ರಕ್ತದ ಕಲೆಗೆ ಮೊದಲು ತಣ್ಣೀರೇ ಆಗಬೇಕು, ಬಿಸಿನೀರು ಸೋಕಿದರೆ ಕಚ್ಚಿಕೊಂಡುಬಿಡುತ್ತದೆ. ಇದು ನಿನ್ನತ್ತೆಗೆ ತಿಳಿಯದು. ಅವಳಿಗೆ ತಿಳಿದಿರುವುದು ಯಾವ ಬಸ್ಸು ಎಷ್ಟು ತಡ ಅನ್ನುವುದು ಮಾತ್ರ.

ಹೋದ ಸಲದ್ದು ಬೆಳಕಿಗೆ ಹಿಡಿದು ನೋಡಿದೆ. ಮೊಣಕೈ ಬರುವ ಕಡೆ ಚುಕ್ಕೆ ಚುಕ್ಕೆ, ಹಿಮ್ಮಡಿಯ ಕಡೆ ಉದ್ದಕ್ಕೆ. ಬೆಡ್‌ಶೀಟು ನೋಡಿ ನಿನ್ನ ರಾತ್ರಿಯ ಜಾತಕ ಹೇಳಬಲ್ಲೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಸ್ವಲ್ಪ ಮನಸ್ಸು ಗಟ್ಟಿಮಾಡು, ಕೆರೆಯಬೇಡ. ಹಾಲು ಬಿಡಿಸಿ ಎಂದು ನಿವೃತ್ತ ಹೆಡ್‌ಮಾಸ್ತರು ಹೇಳಿದ್ದಾರೆ. ಹಾಲಿನಲ್ಲೇ ಸ್ನಾನ ಮಾಡಿಸಿ ಎಂದು ಪಕ್ಕದ ಸೈಕಲ್ ರಿಪೇರಿಯವನು ಹೇಳಿದ್ದಾನೆ. ಇಬ್ಬರಿಗೂ ಹೂಂ ಅಂದಿದ್ದೇನೆ.

ಇಂತಿ ನಿನ್ನ ಅಪ್ಪ,
ನೀಲಿ ಬಕೆಟ್ಟಿನ ಏಕಮಾತ್ರ ಅಧಿಕಾರಿ


ಜೂನ್ 30

ಅಪ್ಪ,

ಅಧಿಕಾರಿಗಳ ಕಾಗದ ತಲುಪಿತು. ಅಜ್ಜಿಗೆ ಅರಿವೆ ಚಿಂತೆ ಅಂತಾರೆ, ನಮ್ಮನೇಲಿ ಅಪ್ಪನಿಗೆ.

ಒಂದು ವಿಷಯ ಮೊದಲೇ ಇತ್ಯರ್ಥ ಮಾಡಿಬಿಡೋಣ. "ಕೆರೆಯಬೇಡ" ಅನ್ನೋದು ಔಷಧಿ ಅಲ್ಲ. ನೀನು ಹೇಳ್ತೀಯ, ಅತ್ತೆ ಹೇಳ್ತಾಳೆ, ಕಾಲೇಜಿನ ಲ್ಯಾಬಿನವರು ಹೇಳ್ತಾರೆ, ಬಸ್ಸಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸು ನನ್ನ ಕೈ ಹಿಡಿದು ಹೇಳ್ತಾಳೆ. ಇಷ್ಟು ಜನ ಹೇಳಿದ್ದಕ್ಕೆ ನವೆ ಕೇಳಿಸ್ಕೊಂಡು ಹೋಗೋ ಹಾಗಿದ್ರೆ ನಾನು ಮೂರನೇ ವಯಸ್ಸಲ್ಲೇ ವಾಸಿಯಾಗಿರ್ತಿದ್ದೆ. ಸೀನು ಬಂದವನಿಗೆ ಮನಸ್ಸು ಗಟ್ಟಿಮಾಡು ಅಂತ ಯಾರಾದರೂ ಹೇಳ್ತಾರಾ? ನವೆ ಬಂದವಳಿಗೆ ಮಾತ್ರ ಊರೆಲ್ಲ ಗುರುಗಳು.

ಇನ್ನು ನನ್ನ ವೈಭವದ ದಿನಚರಿ. ಬೆಳಿಗ್ಗೆ ಮುಲಾಮು ಹಚ್ಚಿ, ಅದರ ಮೇಲೆ ಉದ್ದ ತೋಳಿನ ಯೂನಿಫಾರ್ಮ್ ಹಾಕ್ಕೊಂಡು ಹೋದರೆ ಮಧ್ಯಾಹ್ನದ ಹೊತ್ತಿಗೆ ನಾನು ಎಣ್ಣೆಗೆ ಬಿದ್ದ ನೊಣ. ನೋಟ್‌ಬುಕ್ಕಿನ ಹಾಳೆ ಎಲ್ಲ ನನ್ನ ಮೊಣಕೈ ಗುರುತಿಗೆ ಪಾರದರ್ಶಕ ಆಗಿವೆ, ಈ ಪುಟದ ರಸಾಯನಶಾಸ್ತ್ರ ಆ ಪುಟಕ್ಕೆ ಕಾಣುತ್ತೆ. ನನ್ನ ಬೆಂಚಿನವಳು ಮೊದಲು ನಮ್ಮಿಬ್ಬರ ನಡುವೆ ಬ್ಯಾಗು ಇಟ್ಟಳು. ಆಮೇಲೆ ಇನ್ನೊಂದು ಬ್ಯಾಗು ತಂದಿಟ್ಟಳು. ಈಗ ಬೇರೆ ಬೆಂಚಲ್ಲಿ ಕೂರ್ತಾಳೆ. "ಇದು ಅಂಟಲ್ಲ ಕಣೇ" ಅಂದೆ. "ಗೊತ್ತು ಕಣೇ, ಆದ್ರೂ" ಅಂದಳು. ಈ "ಆದ್ರೂ"ಗೆ ಯಾವ ಮುಲಾಮೂ ಇಲ್ಲ ಅಪ್ಪ, ಔಷಧಿ ಅಂಗಡೀಲಿ ಕೇಳಿ ಆಯ್ತು.

ಮುಖ್ಯ ವಿಷಯ ಈಗ. ಈ ಸಲ ಚರ್ಮದ ಡಾಕ್ಟರು ಕೈ ನೋಡಿ ಚೀಟಿ ಬರೆದು "ನೆಕ್ಸ್ಟ್" ಅನ್ನಲಿಲ್ಲ. "ನಿದ್ದೆ ಬರುತ್ತಾ? ಮನಸ್ಸು ಹೇಗಿದೆ?" ಅಂತ ಕೇಳಿದರು. ನಾನು ಏನೋ ಜೋಕ್ ಮಾಡೋಕೆ ಬಾಯಿ ತೆಗೆದೆ, ಅಳು ಬಂತು. ಹೊರಗೆ ಕಾಯ್ತಿದ್ದವರೆಲ್ಲ ಇಂಜೆಕ್ಷನ್ ಕೊಟ್ಟರು ಅಂದ್ಕೊಂಡಿರಬೇಕು. ಇದೇ ಆಸ್ಪತ್ರೇಲಿ ಮೇಲಿನ ಮಹಡೀಲಿ ಮನಸ್ಸಿನ ಡಾಕ್ಟರಿದ್ದಾರಂತೆ. ನನ್ನ ಥರ ಇಸುಬು ಇರೋ ನನ್ನ ವಯಸ್ಸಿನವರು ತುಂಬ ಜನ ಅವರ ಹತ್ತಿರ ಹೋಗ್ತಾರಂತೆ. ನನಗೆ ಹದಿನೆಂಟು ತುಂಬಿಲ್ಲ, ಅಪ್ಪ ಅಥವಾ ಅಮ್ಮ ಒಪ್ಪಿ ಜೊತೆಗೆ ಬರಬೇಕಂತೆ.

ನನಗೆ ಹೋಗಬೇಕು ಅನ್ನಿಸ್ತಿದೆ. ಕೆಲವು ಸಲ ಈ ಚರ್ಮಾನೇ ಕಳಚಿ ಗಂಟಲ್ಲಿ ಕಟ್ಟಿ ನಿನ್ನ ಬಕೆಟ್ಟಿಗೆ ಕಳಿಸಿಬಿಡೋಣ, ವಾಪಸ್ ಬರದಿದ್ದರೂ ಚಿಂತೆಯಿಲ್ಲ ಅನ್ನಿಸುತ್ತೆ. ಏನು ಹೇಳ್ತೀಯ?

ನಿನ್ನ ಮಗಳು


ಜುಲೈ 9

ಪ್ರೀತಿಯ ಮಗಳಿಗೆ,

ಗುಡ್ಡ ಅಗೆದು ಇಲಿ ಹಿಡಿದರು ಅನ್ನುವುದನ್ನು ಕೇಳಿದ್ದೆ. ಇಲಿ ಇಲ್ಲೇ ಕಾಲಬುಡದಲ್ಲಿ ಓಡಾಡುತ್ತಿರುವಾಗ ಗುಡ್ಡ ಅಗೆಯಲು ಹೊರಟ ಡಾಕ್ಟರನ್ನು ಈಗಲೇ ಕಂಡದ್ದು. ನವೆ ಇರುವುದು ಮೊಣಕೈಯಲ್ಲಿ. ಇವರು ಮಹಡಿ ಹತ್ತಿಸಿ ತಲೆ ನೋಡುತ್ತಾರಂತೆ. ಪ್ಯಾಂಟಿನ ಜಿಪ್ಪು ಕೆಟ್ಟಿದೆ ಎಂದು ಕೊಟ್ಟರೆ ಕೋಟಿನ ಗುಂಡಿ ಎಣಿಸುವ ದರ್ಜಿಯನ್ನು ನೀನು ಕಂಡಿದ್ದೀಯಾ?

ನಮ್ಮ ವಂಶದಲ್ಲಿ ಎಲ್ಲರ ತಲೆಯೂ ಚೆನ್ನಾಗಿದೆ. ಇಲ್ಲವೆಂದರೂ ಇದುವರೆಗೆ ಯಾರೂ ದೂರು ಕೊಟ್ಟಿಲ್ಲ. ನಿನ್ನತ್ತೆಯದು ಸ್ವಲ್ಪ ಬಿಸಿ, ಅದು ಡಿಪೋದ ತಗಡಿನ ಮಾಡಿನ ಪ್ರಭಾವ. ಈ ಊರಿನಲ್ಲಿ ಎಲ್ಲರ ಬಟ್ಟೆಯೂ ನಮ್ಮ ಅಂಗಡಿಗೆ ಬರುತ್ತದೆ, ಬಟ್ಟೆಯ ಜೊತೆ ಬಾಯಿಯೂ ಬರುತ್ತದೆ. ಲಾಂಡ್ರಿಯವನ ಮಗಳು ತಲೆ ಡಾಕ್ಟರ ಹತ್ತಿರ ಹೋಗುತ್ತಾಳೆ ಅಂತ ಒಬ್ಬ ಅಂದರೆ ಸಾಕು, ನಾಳೆಗೆ ಅದು ಇಸ್ತ್ರಿಯಾಗಿ ಗರಿಗರಿಯಾಗಿ ಮನೆಮನೆ ತಲುಪಿರುತ್ತದೆ.

ಮನಸ್ಸಿಗೆ ಏನಾಗಿದೆ ನಿನಗೆ? ಚರ್ಮ ವಾಸಿಯಾದರೆ ಮನಸ್ಸು ತಾನಾಗಿ ಸರಿಹೋಗುತ್ತದೆ. ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ: ಮೊದಲು ಕಲೆ ಹೋಗಬೇಕು, ಇಸ್ತ್ರಿ ಆಮೇಲೆ. ಕಲೆಯ ಮೇಲೆ ಇಸ್ತ್ರಿ ಮಾಡಿದರೆ ಎರಡೂ ಕೆಟ್ಟವು. ಆದ್ದರಿಂದ ಮಹಡಿಯ ವಿಚಾರ ಸದ್ಯಕ್ಕೆ ಬೇಡ. ಮುಂದಿನ ಗಂಟಿನಲ್ಲಿ ಕಲೆ ಕಡಿಮೆ ಇರಲಿ, ಅದೇ ನನಗೆ ನೀನು ಬರೆಯುವ ಕಾಗದ. ನೀನು ಜಾಣೆ, ಅರ್ಥಮಾಡಿಕೊಳ್ಳುತ್ತೀಯ.

ಚರ್ಮ ಕಳಚಿ ಕಳಿಸಿದರೆ ಖಂಡಿತ ಒಗೆದು ಕೊಡುತ್ತೇನೆ. ಗುಂಡಿ ಇದ್ದರೆ ಬಿಚ್ಚಿ ಕಳಿಸು.

ಇಂತಿ ನಿನ್ನ ಅಪ್ಪ


ಜುಲೈ 24

ಅಪ್ಪ,

ಸರಿ. ಗಂಟು ಕಳಿಸಿದ್ದೇನೆ.

ಮಗಳು


ಆಗಸ್ಟ್ 16

ಪ್ರೀತಿಯ ಮಗಳಿಗೆ,

ಜಯಭೇರಿ ಬಾರಿಸಿದ್ದೇನೆ. ಭೇರಿ ಇಲ್ಲದ ಕಾರಣ ನೀಲಿ ಬಕೆಟ್ಟನ್ನೇ ಬೋರಲು ಹಾಕಿ ಬಾರಿಸಿದೆ.

ಜುಲೈಯ ಗಂಟು ಬಿಚ್ಚಿದೆ: ಕಲೆಯಿಲ್ಲ. ಏನೋ ಕಣ್ಣು ಮಂಜಾಯಿತು ಎಂದುಕೊಂಡೆ. ಮೊನ್ನೆಯದು ಬಿಚ್ಚಿದೆ, ಬಾಗಿಲ ಬೆಳಕಿಗೆ ಹಿಡಿದೆ, ತಿರುಗಿಸಿದೆ, ಕನ್ನಡಕ ಒರೆಸಿ ಮತ್ತೆ ನೋಡಿದೆ. ಒಂದು ಚುಕ್ಕೆ ಇಲ್ಲ. ನನ್ನ ಇಷ್ಟು ವರ್ಷದ ಲಾಂಡ್ರಿ ಜೀವನದಲ್ಲಿ ಒಗೆಯುವ ಮೊದಲೇ ಒಗೆದಷ್ಟು ಶುಭ್ರವಾಗಿ ಬಂದ ಬಟ್ಟೆ ಇದೊಂದೇ. ಮನಸ್ಸು ಗಟ್ಟಿಮಾಡು ಅಂದೆ, ನೀನು ಮಾಡಿದೆ. ಮಹಡಿ ಹತ್ತದೆ ಕೆಲಸ ಮುಗಿಯಿತೋ ಇಲ್ಲವೋ?

ಬಂದ ಗಿರಾಕಿಗಳಿಗೆಲ್ಲ ಹೇಳಿದೆ. ಆ ದಿನ ಎಲ್ಲರಿಗೂ ಒಂದೊಂದು ಅಂಗಿ ಇಸ್ತ್ರಿ ಪುಕ್ಕಟೆ. ಅದರಿಂದ ಒಂದು ಯುದ್ಧವೂ ಆಯಿತು. ಹಾಲು ಬಿಟ್ಟದ್ದರಿಂದಲೇ ವಾಸಿಯಾದದ್ದು ಎಂದು ಹೆಡ್‌ಮಾಸ್ತರು, ಹಾಲಿನ ಸ್ನಾನದಿಂದ ಎಂದು ಸೈಕಲ್ಲಿನವನು. "ನಿಮ್ಮ ಲೆಕ್ಕದಲ್ಲಿ ಹಸು ಹಾಲು ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು" ಎಂದು ಅವನು. "ಪಂಪು ಒತ್ತುವವನಿಗೆ ಪಥ್ಯ ಏನು ಗೊತ್ತು" ಎಂದು ಇವರು. ನೀನು ಎರಡನ್ನೂ ಮಾಡಿಲ್ಲ ಎಂದು ನನಗೆ ಗೊತ್ತು, ಆದರೆ ಅಷ್ಟು ಚೆನ್ನಾಗಿ ನಡೆಯುತ್ತಿದ್ದ ಜಗಳವನ್ನು ಕೆಡಿಸಲು ಮನಸ್ಸಾಗಲಿಲ್ಲ.

ನಿನ್ನಮ್ಮ ಮಾತ್ರ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಒಳಗೆ ಹೋದಳು. ಆನಂದಬಾಷ್ಪ ಇರಬೇಕು.

ನೀನು ಇತ್ತೀಚೆಗೆ ಬರೆಯುವುದೇ ಕಡಿಮೆ. ಓದು ಜಾಸ್ತಿಯಾಗಿರಬೇಕು, ಒಳ್ಳೆಯದೇ.

ಇಂತಿ ವಿಜಯಿ ಅಪ್ಪ


ಆಗಸ್ಟ್ 27

ಪುಟ್ಟಿ,

ನಾನು ಕಾಗದ ಬರೆಯೋಳಲ್ಲ. ನಿಮ್ಮಪ್ಪ ನನ್ನ ಪಾಲಿನದ್ದೂ ಸೇರಿಸಿ ಬರೆದುಬಿಡ್ತಾರೆ. ಇವತ್ತು ಅವರು ಸೋಪು ತರೋಕೆ ಹೋಗಿದ್ದಾರೆ, ಕೌಂಟರಿನಲ್ಲಿ ಕೂತು ಬರೀತಿದೀನಿ.

ಇಸ್ತ್ರಿ ಮಾಡೋಳು ನಾನು. ಬೆಡ್‌ಶೀಟನ್ನ ಉದ್ದಕ್ಕೆ ಮಡಿಸಿ, ಆಮೇಲೆ ಮೂರು ಪಾಲು ಮಾಡಿ, ಕೊನೇ ತುದೀನ ಒಳಗೆ ಸಿಗಿಸೋದು ನನ್ನ ಕೈಯ ಅಭ್ಯಾಸ. ನಿಮ್ಮಪ್ಪನಿಗೆ ಆ ಮಡಿಕೆ ಬರಲ್ಲ, ನಿಮ್ಮತ್ತೆ ಅಂತೂ ಬಟ್ಟೆ ಮಡಿಸೋದು ಟಿಕೆಟ್ಟು ಮಡಿಸಿದ ಹಾಗೆ. ಜುಲೈಯಿಂದ ಬಂದ ಮೂರು ಗಂಟೂ ನಾನು ಹೇಗೆ ಕಳಿಸಿದ್ನೋ ಹಾಗೇ ವಾಪಸ್ ಬಂದಿವೆ. ತುದಿ ಸಿಗಿಸಿದ್ದು ಸಿಗಿಸಿದ ಹಾಗೇ ಇದೆ. ಅದರ ಮೇಲೆ ಯಾರೂ ಮಲಗಿಲ್ಲ. ಬಿಚ್ಚಿಯೂ ಇಲ್ಲ.

ನಿಮ್ಮಪ್ಪ ಕಲೆ ಹುಡುಕೋ ಅವಸರದಲ್ಲಿ ಕೊಡವಿ ಎತ್ತಿಬಿಡ್ತಾರೆ, ಮಡಿಕೆ ನೋಡಲ್ಲ. ಎರಡನೇ ಗಂಟಿಗೇ ಹೇಳಬೇಕು ಅಂದ್ಕೊಂಡೆ. ಅವರು ಬಕೆಟ್ಟು ಬಾರಿಸ್ತಾ ಇದ್ದರು. ಇನ್ನೊಂದು ಗಂಟು ನೋಡೋಣ, ನನ್ನದೇ ತಪ್ಪಿರಲಿ ಅಂತ ಸುಮ್ಮನಿದ್ದೆ. ತಪ್ಪಿಲ್ಲ.

ಎಲ್ಲಿ ಮಲಗ್ತಿದೀಯ? ಮಲಗ್ತಿದೀಯಾ?

ಬೈಯೋಕೆ ಕೇಳ್ತಿಲ್ಲ. ಉತ್ತರ ಬೇಗ ಬರಲಿ. ತಡವಾದರೆ ಅಂಗಡಿ ಬಾಗಿಲು ಹಾಕಿ ನಾನೇ ಬಸ್ಸು ಹತ್ತುತೀನಿ.

ಅಮ್ಮ


ಸೆಪ್ಟೆಂಬರ್ 1

ಅಮ್ಮ,

ಸಿಕ್ಕಿಬಿದ್ದೆ. ಕಳ್ಳತನ ಮಾಡಿದರೂ ನೀಟಾಗಿ ಮಾಡೋಕೆ ಬರಲ್ಲ ನನಗೆ. ಬಿಚ್ಚಿ ಸ್ವಲ್ಪ ಮುದುಡಿ ಕಳಿಸಬೇಕಿತ್ತು.

ಅತ್ತೆ ಮಲಗಿದ ಮೇಲೆ ಅಡುಗೆಮನೆ ನೆಲದ ಮೇಲೆ ಮಲಗ್ತೀನಿ. ಅಲ್ಲಿ ಕಲ್ಲು ತಣ್ಣಗಿರುತ್ತೆ. ಒದ್ದೆ ಟವೆಲ್ ಸುತ್ಕೊಂಡರೆ ಸ್ವಲ್ಪ ಹೊತ್ತು ನಿದ್ದೆ. ಆಮೇಲೆ ಇಲ್ಲ. ರಕ್ತ ಆದರೂ ನೆಲದ ಮೇಲೆ ತಾನೇ, ಒರೆಸಿದರೆ ಹೋಯ್ತು, ಯಾರೂ ಬೆಳಕಿಗೆ ಹಿಡಿಯಲ್ಲ. ಅಪ್ಪ ಬೆಡ್‌ಶೀಟ್ ನೋಡೋದು ನನಗೆ ಪರೀಕ್ಷೆ ಪೇಪರು ತಿದ್ದಿದ ಹಾಗೆ ಅನ್ನಿಸ್ತಿತ್ತು. ಪ್ರತಿ ಸಲವೂ ಫೇಲು. ಕಲೆ ಕಡಿಮೆ ಇರಲಿ, ಅದೇ ನನಗೆ ಕಾಗದ ಅಂತ ಬರೆದರಲ್ಲ, ಅವತ್ತಿಂದ ಅವರಿಗೆ ಇಷ್ಟವಾಗೋ ಕಾಗದ ಕಳಿಸಿದೆ. ಅಷ್ಟೇ.

ಇನ್ನೂ ಇದೆ. ಕೂತ್ಕೊಂಡು ಓದು. ಆಗಸ್ಟ್ ಶುರುವಾದಾಗಿಂದ ಕಾಲೇಜಿಗೆ ಹೋಗಿಲ್ಲ. ಬ್ಯಾಗು ಹಾಕ್ಕೊಂಡು ಹೊರಡ್ತೀನಿ, ಡಿಪೋ ಹಿಂದಿನ ಲೈಬ್ರರೀಲಿ ಕೂರ್ತೀನಿ. ಅಲ್ಲಿ ಎಲ್ಲರೂ ವಯಸ್ಸಾದವರು, ಪೇಪರಿನ ಹಿಂದೆ ಇರ್ತಾರೆ, ಮುಖ ಹೊರಗೆ ಹಾಕಲ್ಲ. ನನ್ನ ಕುತ್ತಿಗೆಗೂ ಈಗ ಬಂದಿದೆ. ಅದಕ್ಕೆ ಉದ್ದ ತೋಳು ಹಾಕೋಕಾಗಲ್ಲವಲ್ಲ.

ಇದನ್ನ ಹೇಗೆ ಬರೀಬೇಕೋ ಗೊತ್ತಿಲ್ಲ. ಬೆಳಿಗ್ಗೆ ಏಳದೇ ಇದ್ದಿದ್ರೆ ಚೆನ್ನಾಗಿತ್ತು ಅಂತ ಅನ್ನಿಸುತ್ತೆ. ಮೊದಲು ಅಪರೂಪಕ್ಕೆ, ಈಗ ದಿನಾ. ಏನೂ ಮಾಡ್ಕೊಂಡಿಲ್ಲ, ಮಾಡ್ಕೊಳ್ಳೋಕೆ ಇಷ್ಟವೂ ಇಲ್ಲ. ಆದರೆ ಆ ಯೋಚನೆ ಬಂದು ಪಕ್ಕದಲ್ಲಿ ಕೂತಿರುತ್ತೆ. ನನ್ನ ಪಕ್ಕದಲ್ಲಿ ಬ್ಯಾಗು ಇಡದೆ ಕೂರೋದು ಅದೊಂದೇ.

ನೋಡಿದ್ಯಾ, ಇಲ್ಲೂ ಜೋಕು. ಅಪ್ಪ ಜೋಕ್ ಮಾಡಿದರೆ ನಾನೂ ಮಾಡ್ತೀನಿ, ನಾನು ಮಾಡಿದೆ ಅಂತ ಅಪ್ಪ ಇನ್ನೊಂದು ಮಾಡ್ತಾರೆ, ಮಧ್ಯದಲ್ಲಿ ಹೇಳಬೇಕಾದ್ದು ಕಾಲಡಿಗೆ ಸಿಕ್ಕಿ ಸಾಯುತ್ತೆ. ಇಸುಬು ಅಂಟಲ್ಲ, ನಮ್ಮನೆ ಜೋಕು ಅಂಟುತ್ತೆ. ಸಾಕಾಗಿದೆ ನನಗೆ. ಚರ್ಮ ಕಳಚಿ ಕಳಿಸ್ತೀನಿ ಅಂದರೆ ಗುಂಡಿ ಬಿಚ್ಚಿ ಕಳಿಸು ಅಂತ ಅಪ್ಪ ಬರೆದರು, ಅಮ್ಮ.

ನನ್ನನ್ನ ಆ ಮೇಲಿನ ಮಹಡಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಈ ಕಾಗದ ಅಪ್ಪನಿಗೆ ಓದಿ ಹೇಳು. ಪೂರ್ತಿ ಓದು, ನಡುವೆ ಬಾಯಿ ಹಾಕಿದರೂ ನಿಲ್ಲಿಸಬೇಡ.

ಪುಟ್ಟಿ


ಸೆಪ್ಟೆಂಬರ್ 8

ತಮ್ಮನಿಗೆ,

ನಿಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಬಂದು ಬರೆಯುತ್ತಿದ್ದೇನೆ. ಬಸ್ ನಿಲ್ದಾಣದಲ್ಲೇ ಬೈಯಬೇಕೆಂದಿದ್ದೆ. ನನ್ನ ಡಿಪೋದ ಡ್ರೈವರುಗಳೆಲ್ಲ ಸುತ್ತ ನಿಂತಿದ್ದರು, ಅವರ ಮುಂದೆ ನಿನ್ನ ಮಾನ ತೆಗೆಯಲು ಮನಸ್ಸಾಗಲಿಲ್ಲ. ಈಗ ತೆಗೆಯುತ್ತೇನೆ.

ಕಾಗದ ಸಿಕ್ಕ ದಿನವೇ ಇಬ್ಬರೂ ಓಡಿಬಂದಿರಿ, ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಿ. ಅದು ಸರಿ. ಆದರೆ ಒಳಗೆ ಹೋದಮೇಲೆ ನೀನು ಮಾಡಿದ್ದೇನು? ಆ ಡಾಕ್ಟರಮ್ಮ ಹುಡುಗಿಯನ್ನು "ನಿದ್ದೆ ಹೇಗೆ ಬರುತ್ತೆ" ಅಂತ ಕೇಳಿದರು. ನೀನು "ನಮ್ಮ ವಂಶದಲ್ಲಿ ನಿದ್ದೆಗೆ ಬರವಿಲ್ಲ ಡಾಕ್ಟ್ರೇ" ಅಂದೆ. "ಊಟ ಸೇರುತ್ತಾ" ಅಂತ ಅವಳನ್ನು ಕೇಳಿದರು. ನೀನು "ಬಸ್ಸಿನಲ್ಲಿ ಆಯ್ತು" ಅಂದೆ. "ಯಾವಾಗ ತುಂಬ ಬೇಜಾರಾಗುತ್ತೆ" ಅಂದಾಗ ಹುಡುಗಿ ಬಾಯಿ ತೆಗೆದಳು ಕಣೋ, ನನ್ನ ಕಣ್ಣಾರೆ ನೋಡಿದೆ, ತುಟಿ ಅಲುಗಿತು. ಅಷ್ಟರಲ್ಲಿ ನೀನು ನೀಲಿ ಬಕೆಟ್ಟಿನ ಕಥೆ ಶುರುಮಾಡಿದೆ. ಆಕೆ ಒಳ್ಳೆಯ ಮಾತಿನಲ್ಲೇ ನಮ್ಮ ಮೂವರನ್ನೂ ಹೊರಗೆ ಕೂರಿಸಿದರು. ನಾನಾಗಿದ್ದರೆ ಶಿಳ್ಳೆ ಊದಿ ಇಳಿಸುತ್ತಿದ್ದೆ.

ಹೊರಗಾದರೂ ಸುಮ್ಮನಿದ್ದೆಯಾ? ಕಿಟಕಿಯ ಪರದೆ ಹಿಡಿದು, "ಇದಕ್ಕೆ ಬ್ಲೀಚು ಜಾಸ್ತಿ ಆಗಿದೆ, ಯಾರಮ್ಮ ಒಗೆದಿದ್ದು" ಅಂತ ಆಯಾಳ ತಲೆ ತಿಂದೆ. ಆಮೇಲೆ ಒಳಗಿಂದ ಹುಡುಗಿ ಅಳುವುದು ಕೇಳಿಸಿತು. ಆಗ ಕೂತೆ. ಬಾಗಿಲು ತೆರೆಯುವವರೆಗೂ ನಿನ್ನ ಬಾಯಿಂದ ಒಂದು ಮಾತು ಬರಲಿಲ್ಲ. ನೀನು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದೇನೆ, ಹೀಗೆ ಕೂತದ್ದನ್ನು ಕಂಡಿರಲಿಲ್ಲ. ನಿನ್ನ ಹೆಂಡತಿ ನಿನ್ನ ಕೈ ಹಿಡಿದುಕೊಂಡಳು, ನಾನು ಬೇಕಂತಲೇ ಗೋಡೆಯ ಗಡಿಯಾರ ನೋಡುತ್ತಿದ್ದೆ.

ನನ್ನದೂ ಇದೆ. ಊರ ಬಸ್ಸುಗಳು ಯಾವುದು ಬಂತು ಯಾವುದು ಹೋಯಿತು ಎಂದು ಬರೆದಿಡುವವಳು ನಾನು. ನನ್ನ ಮನೆಯ ಹುಡುಗಿ ಎಲ್ಲಿಗೆ ಹೋಗುತ್ತಾಳೆ, ಎಲ್ಲಿ ಮಲಗುತ್ತಾಳೆ ಗೊತ್ತಾಗಲಿಲ್ಲ. ಬಾಗಿಲು ಹಾಕಿದ ಶಬ್ದ ಕೇಳಿದರೆ ಸಾಕು, ಕಾಲೇಜಿಗೆ ಹೋದಳು ಅಂದುಕೊಂಡೆ. ನೆನೆಸಿಕೊಂಡರೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ಕೇಳಬೇಡ.

ಈಗ ವ್ಯವಸ್ಥೆ ಹೀಗಿದೆ. ಅವಳ ಹಾಸಿಗೆ ನನ್ನ ಕೋಣೆಗೆ ಬಂದಿದೆ. ಡಾಕ್ಟರಮ್ಮನ ಬಳಿ ವಾರಕ್ಕೊಮ್ಮೆ ನಾನು ಕರೆದುಕೊಂಡು ಹೋಗುತ್ತೇನೆ, ನೀನು ಬರುವುದು ಕರೆದಾಗ ಮಾತ್ರ. ಅವರು ಹೇಳಿದಂತೆ ಚರ್ಮದ ಡಾಕ್ಟರು ಔಷಧಿಯನ್ನೂ ಬದಲಿಸಿದ್ದಾರೆ. ಮೇಲೆ ಕೆಳಗೆ ಇಬ್ಬರೂ ಮಾತಾಡಿಕೊಳ್ಳುತ್ತಾರಂತೆ, ನಮ್ಮ ಮನೆಯವರಿಗಿಂತ ವಾಸಿ. ಫೋನಿನ ನಿಷೇಧ ಅರ್ಧ ತೆಗೆದಿದ್ದೇನೆ: ಬೇಕೆನಿಸಿದಾಗ ಅವಳು ಮಾಡುತ್ತಾಳೆ, ಎಂಥ ಹೊತ್ತಾದರೂ ನೀನು ಎತ್ತಬೇಕು. "ಕೆರ್ಕೊಂಡ್ಯಾ" ಅಂದೆಯೋ, ತಮ್ಮ ಅನ್ನುವುದನ್ನೂ ನೋಡುವುದಿಲ್ಲ.

ನಿನ್ನ ಅಕ್ಕ


ಸೆಪ್ಟೆಂಬರ್ 23

ಪ್ರೀತಿಯ ಮಗಳಿಗೆ,

ಈ ಕಾಗದವನ್ನು ನಾಲ್ಕು ಸಲ ಶುರುಮಾಡಿ ಹರಿದುಹಾಕಿದೆ. ಮೊದಲ ಸಾಲಿಗೇ ತಮಾಷೆ ಬಂದು ಕೂರುತ್ತಿತ್ತು. ಇದು ಐದನೆಯದು, ಬಂದರೆ ಬರಲಿ ಎಂದು ಬಿಟ್ಟಿದ್ದೇನೆ.

ಅಮ್ಮ ನಿನ್ನ ಕಾಗದ ಓದಿದಾಗ ನಾನು ನಡುವೆ ಬಾಯಿ ಹಾಕಲಿಲ್ಲ. ತೆಗೆದೆ, ಹಾಕಲಿಲ್ಲ. ಗುಂಡಿಯ ಮಾತು ಬಂದಾಗ ಅವಳು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನೋಡಿ ಮತ್ತೆ ಮುಂದಕ್ಕೆ ಓದಿದಳು.

ಡಾಕ್ಟರಮ್ಮ ಏನಂದರು ಎಂದು ನಿನ್ನನ್ನು ಕೇಳಬಾರದೆಂದು ಅಕ್ಕನ ಕಟ್ಟಪ್ಪಣೆ. ಕೇಳುವುದಿಲ್ಲ. ನಿನ್ನೆ ನೀನು ಫೋನು ಮಾಡಿ ಸುಮ್ಮನೆ ಅದೂ ಇದೂ ಮಾತಾಡಿದೆಯಲ್ಲ, ಅಷ್ಟು ಹೊತ್ತೂ ಆ ಒಂದು ಪ್ರಶ್ನೆ ನಾಲಗೆಯ ತುದಿಯಲ್ಲಿ ಗುಳುಗುಳು ಅನ್ನುತ್ತಿತ್ತು. ಒಂದೇ ಒಂದು ಸಲ ಕೇಳಿಬಿಡೋಣ, ಸ್ವಲ್ಪವೇ ಕೇಳಿ ಬಿಟ್ಟುಬಿಡೋಣ ಅನ್ನಿಸಿತು. ಕೇಳಿದರೆ ಕೆಡುತ್ತದೆ ಅಂತ ಗೊತ್ತು, ಆದರೂ ಆ ಪ್ರಶ್ನೆ ಬಿಡುವುದಿಲ್ಲ. ಫೋನಿಟ್ಟ ಮೇಲೆ ಬೆವರಿದ್ದೆ. ನಿನ್ನಮ್ಮ ನೋಡಿ, "ಈಗ ಗೊತ್ತಾಯ್ತಾ, ನವೆ ಬಂದವರಿಗೆ ಕೆರೆಯಬೇಡ ಅಂದರೆ ಹೇಗಿರುತ್ತೆ ಅಂತ" ಅಂದಳು. ಒಂದು ಪ್ರಶ್ನೆಗೇ ನನಗೆ ಇಷ್ಟಾಯಿತು. ನಿನಗೆ ಮೈತುಂಬ, ಅದೂ ಮೂರನೇ ವಯಸ್ಸಿನಿಂದ.

ಅಂಗಡಿಯ ಸುದ್ದಿ. ಕೌಂಟರಿನ ಮೇಲೆ ಒಂದು ಬೋರ್ಡು ತೂಗುಹಾಕಿದ್ದೇನೆ: "ಇಲ್ಲಿ ಚರ್ಮದ ಬಗ್ಗೆ ಸಲಹೆಗಳನ್ನು ಸ್ವೀಕರಿಸಲಾಗುವುದಿಲ್ಲ." ಹೆಡ್‌ಮಾಸ್ತರು ಕನ್ನಡಕ ಏರಿಸಿ ಓದಿ, "ಇದು ಯಾರಿಗೆ ಹೇಳಿದ್ದು" ಅಂದರು. "ಓದಲು ಬರುವವರಿಗೆ" ಅಂದೆ. ಅರ್ಧ ಒಗೆದ ಕೋಟು ಇಸಿದುಕೊಂಡು ಹೋದರು, ತೋಳಿಂದ ನೀರು ಸುರಿಯುತ್ತಿತ್ತು. ಸೈಕಲ್ಲಿನವನು ಮಾತ್ರ, "ಹಾಗಾದ್ರೆ ಕೂದಲಿನ ಬಗ್ಗೆ ಹೇಳಬಹುದಾ" ಅಂತ ನನ್ನ ಬೋಳುತಲೆ ನೋಡಿದ. ಮಗಳು ತಲೆ ಡಾಕ್ಟರ ಹತ್ತಿರ ಹೋಗ್ತಾಳಂತೆ ಹೌದಾ ಎಂದು ಒಬ್ಬರು ಕೇಳಿದರು. ಹೌದು ಅಂದೆ. ಅವರು ಪ್ಯಾಂಟು ಯಾವತ್ತಿಗೆ ಸಿಗುತ್ತೆ ಎಂದು ಕೇಳಿ ಹೋದರು. ಇದಕ್ಕಾ ನಾನು ಹೆದರಿದ್ದು ಅನ್ನಿಸಿ ಮೈಯೆಲ್ಲ ಉರಿಯಿತು.

ಗಂಟಿನಲ್ಲಿ ಎರಡು ಹೊಸ ಬೆಡ್‌ಶೀಟು ಇವೆ. ಕಡುಗಂದು ಬಣ್ಣ, ಮೆತ್ತನೆ ಹತ್ತಿ, ಆರು ಸಲ ಒಗೆದು ಗಂಜಿ ಬಿಡಿಸಿದ್ದೇನೆ. ಅದರ ಮೇಲೆ ಏನು ಬಿದ್ದರೂ ಕಾಣುವುದಿಲ್ಲ. ಕಂಡರೂ ನಾನು ನೋಡುವುದಿಲ್ಲ. ಗಂಟು ಇನ್ನು ಅಮ್ಮ ಬಿಚ್ಚುತ್ತಾಳೆ, ನನ್ನ ಕೈಗೆ ಬರುವುದು ನೀರಿಗೆ ಬಿದ್ದ ಮೇಲೆ. ಕಲೆ ಎಷ್ಟಾದರೂ ಆಗಲಿ. ಲಾಂಡ್ರಿ ಇಟ್ಟಿರುವುದು ಯಾಕೆ?

ಇಂತಿ ನಿನ್ನ ಅಪ್ಪ


ಅಕ್ಟೋಬರ್ 17

ಅಪ್ಪ,

ಕಡುಗಂದು ಬೆಡ್‌ಶೀಟು ಹಳೇ ಬಸ್ಸಿನ ಸೀಟಿನ ಬಣ್ಣ. ಅತ್ತೆ ನೋಡಿದ ಕೂಡಲೇ "ಇದ್ಯಾವ ಡಿಪೋದ್ದು" ಅಂದಳು. ಆದರೂ ಮೆತ್ತಗಿದೆ. ಅದರ ಮೇಲೇ ಮಲಗ್ತಿದೀನಿ, ಅಮ್ಮನಿಗೆ ಹೇಳು, ಮಡಿಕೆ ಬಿಚ್ಚಿದೀನಿ.

ನೀನು ಕೇಳದೆ ಒದ್ದಾಡ್ತಿದೀಯ ಅಂತ ಅಮ್ಮ ಹೇಳಿದಳು, ಅದಕ್ಕೆ ಪಾಪ ಅಂತ ನಾನೇ ಸ್ವಲ್ಪ ಹೇಳ್ತೀನಿ. ಪೂರ್ತಿ ಹೇಳಲ್ಲ. ಡಾಕ್ಟರಮ್ಮ ಇವತ್ತಿನವರೆಗೂ ಒಂದು ಸಲವೂ ಕೆರೆಯಬೇಡ ಅಂದಿಲ್ಲ. ನವೆ ಬಂದಾಗ ಏನೇನು ಯೋಚನೆ ಬರುತ್ತೆ ಅಂತ ಕೇಳ್ತಾರೆ. ಮೊದಲ ಎರಡು ವಾರ ನಾನು ಜೋಕುಗಳನ್ನೇ ಹೇಳಿದೆ. ಅವರು ನಗಲೂ ಇಲ್ಲ, ಬೇಡ ಅನ್ನಲೂ ಇಲ್ಲ, ಮುಗಿಯೋವರೆಗೂ ಕಾದರು. ಎಂಥ ತಲೆನೋವು ಗೊತ್ತಾ, ನಗದೇ ಇರೋರ ಮುಂದೆ ಕೂರೋದು. ಕೊನೆಗೆ ಸರಕು ಖಾಲಿಯಾಗಿ ನಿಜ ಹೇಳಬೇಕಾಯ್ತು.

ವಾಸಿಯಾಗಿಲ್ಲ. ಬಕೆಟ್ಟು ಬಾರಿಸಬೇಡ. ಕುತ್ತಿಗೆ ಸ್ವಲ್ಪ ಒಣಗಿದೆ, ಮೊಣಕೈ ಹಾಗೇ ಇದೆ. ಮೊನ್ನೆ ಒಂದು ಕೆಟ್ಟ ದಿನ ಬಂತು, ಆ ಹಳೇ ಯೋಚನೆ ಬಂದು ಕೂತಿತು. ಈ ಸಲ ಅತ್ತೆಗೆ ಹೇಳಿದೆ. ಅತ್ತೆ ಡ್ಯೂಟಿಗೆ ಹೋಗದೆ ಮನೇಲೇ ಉಳಿದಳು. ಒಂದು ಮಾತೂ ಉಪದೇಶ ಇಲ್ಲ, ಇಡೀ ದಿನ ಡ್ರೈವರುಗಳ ಮೇಲಿನ ದೂರು ಹೇಳಿದಳು. ಸಂಜೆ ಹೊತ್ತಿಗೆ ನನಗೆ ಡ್ರೈವರುಗಳ ಮೇಲೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಬೇರೆ ಏನೂ ನೆನಪಿರಲಿಲ್ಲ.

ಸೋಮವಾರದಿಂದ ಕಾಲೇಜಿಗೆ ಹೋಗ್ತೀನಿ. ಮೊದಲ ವಾರ ಮಧ್ಯಾಹ್ನದವರೆಗೆ ಮಾತ್ರ. ಯಾರು ಎಲ್ಲಿ ಬ್ಯಾಗು ಇಡ್ತಾರೋ ಇಡಲಿ. ಹೆದರಿಕೆ ಆಗ್ತಿದೆ, ಆದರೂ ಹೋಗಬೇಕು ಅನ್ನಿಸ್ತಿದೆ. ಈ "ಆದ್ರೂ" ನನ್ನದು.

ನಿನ್ನಿಂದ ಒಂದು ಕೆಲಸ ಆಗಬೇಕು. ಫೋನಲ್ಲಿ ಹೇಳಿದರೆ ನೀನು ಅದಕ್ಕೊಂದು ಮಾತು ಪೋಣಿಸ್ತೀಯ, ಅದಕ್ಕೇ ಬರೆದು ಕಳಿಸ್ತಿದೀನಿ. ನಮ್ಮ ಕ್ಲಾಸಲ್ಲಿ ಇರೋದು ಎರಡೇ ಫ್ಯಾನು. ಬೆವರಿದರೆ ನನಗೆ ನವೆ ಏರುತ್ತೆ. ಯಾರ ಜಾಗ ಎಲ್ಲಿ ಅಂತ ಗೊತ್ತುಮಾಡೋರು ಆಫೀಸಿನ ಗುಮಾಸ್ತರು, ಮನೆಯವರು ಹೇಳಿದರೆ ಮಾತ್ರ ಬದಲಿಸ್ತಾರೆ. ಶನಿವಾರ ಹನ್ನೊಂದರ ಮೇಲೆ ಅವರಿಗೆ ಫೋನ್ ಮಾಡು, ಅದಕ್ಕೆ ಮುಂಚೆ ಅವರು ಫೋನ್ ಎತ್ತಲ್ಲ. ಬಕೆಟ್ಟಿನ ಕಥೆ ಬೇಡ, ವಂಶದ ಕಥೆ ಬೇಡ. ಬಾಗಿಲ ಕಡೆ ಫ್ಯಾನಿನ ಕೆಳಗಿನ ಬೆಂಚು, ಗೋಡೆ ಪಕ್ಕದ ತುದಿ, ನನ್ನ ಮಗಳಿಗೆ ಬೇಕು ಅಂತ ಹೇಳಿ ಫೋನು ಇಟ್ಟುಬಿಡು.

ನಿನ್ನ ಮಗಳು